ನೀಱು, ಬೂದಿ, ಖಾರ

ಹಳಗನ್ನಡದಲ್ಲಿ ಬೂದಿಗೆ ನಮ್ಮದೇ ಒಂದು ಹೆಸರಿತ್ತು: ನೀಱು. ತಮಿಳರ ತಿರುನೀಱಿನಲ್ಲಿ ಅದು ಇಂದಿಗೂ ಹಣೆಯ ಮೇಲಿದೆ. ಮಲಯಾಳದಲ್ಲಿ ಸುಣ್ಣದ ಅರ್ಥವನ್ನೂ ಪಡೆದಿದೆ. ಕನ್ನಡದಲ್ಲಿಯಾದರೋ ಶಕಟರೇಫವು (ಱ) ರೇಫದಲ್ಲಿ (ರ) ಕರಗಿದ ಮೇಲೆ, ಉರಿದುಳಿದ ನೀಱಿಗೂ ಉರಿಯನ್ನಾರಿಸುವ ನೀರಿಗೂ ಉಚ್ಚಾರದಲ್ಲಿ ಭೇದ ಅಳಿಯಿತು. ಒಂದೇ ಒಲೆಯ ಮುಂದೆ ಎರಡಕ್ಕೂ ಒಂದೇ ಹೆಸರಾದರೆ ಹೇಗೆ? ನೀಱು ಹಿಂದೆ ಸರಿಯಲು ಇದೂ ಒಂದು ಕಾರಣವಿರಬೇಕೆಂದು ನನ್ನ ಊಹೆ.

ಉಳಿದು ಬೆಳೆದದ್ದು ಬೂದಿ, ಸಂಸ್ಕೃತ ಭೂತಿಯ ತದ್ಭವ. ಧಾತು ‘ಭೂ’, ಎಂದರೆ ಆಗು, ಇರು. ಭೂತಿಗೆ ಇರವು, ಸಿರಿ, ಬೂದಿ ಮೂರೂ ಅರ್ಥ. ‘ವಿ’ ಸೇರಿ ವಿಭೂತಿಯಾಗಿ ಅದು ಗೀತೆಯ ಹತ್ತನೆಯ ಅಧ್ಯಾಯಕ್ಕೆ ಹೆಸರಾಯಿತು, ಅಷ್ಟಾವರಣಗಳಲ್ಲಿ ಒಂದಾಯಿತು, ಹಳ್ಳಿಯ ನಾಲಗೆಯಲ್ಲಿ ಈಬತ್ತಿಯಾಯಿತು. ಬೂದಿ ಮಾತ್ರ ಮನೆಯಂಗಳದಲ್ಲೇ ಬೂದುಬಣ್ಣಕ್ಕೆ, ಬೂದಗುಂಬಳಕ್ಕೆ, ದ್ರಾಕ್ಷಿಯ ಬೂದಿರೋಗಕ್ಕೆ, ಬೂದಿ ಮುಚ್ಚಿದ ಕೆಂಡದಂಥ ಒಳಜಗಳಕ್ಕೆ ಹಬ್ಬಿತು.

ಧಾತು ಬೇರೆಯಾದರೂ ಬೂದಿಯ ನಂಟಿನ ಇನ್ನೊಂದು ಪದ ಕ್ಷಾರ. ಬೂದಿಯನ್ನು ನೀರಲ್ಲಿ ಕದಡಿ, ಸೋಸಿ, ಕಾಯಿಸಿ ತೆಗೆಯುವ ಕ್ಷಾರವನ್ನು ವಿವರಿಸುವ ಸುಶ್ರುತಸಂಹಿತೆ ಅದರ ನಿಷ್ಪತ್ತಿಯನ್ನು ‘ಕ್ಷರಣ’ಕ್ಕೆ, ಅಂದರೆ ಕರಗಿ ಹರಿಯುವುದಕ್ಕೆ, ಜೋಡಿಸುತ್ತದೆ. ಹಿಂದಿ ಗುಜರಾತಿಗಳಲ್ಲಿ ಅದು ಉಪ್ಪಿನ ರುಚಿಯ ‘ಖಾರಾ’. ನಮ್ಮಲ್ಲಿ ಸುಡುವ ಗುಣವನ್ನೇ ಹಿಡಿದು ಮೆಣಸಿನಕಾಯಿಯ ಖಾರ. ಅರಬ್ಬರ ಅಲ್‌ಕಲಿಯೂ ಉಪ್ಪುಗಿಡದ ಬೂದಿಯೇ. ಪೊಟ್ಯಾಷ್ ಎಂದರೆ ಮಡಕೆಯಲ್ಲಿ ಬತ್ತಿಸಿದ ಬೂದಿ, 1807ರಲ್ಲಿ ಹಂಫ್ರಿ ಡೇವಿ ಅದರಿಂದ ಬೇರ್ಪಡಿಸಿದ ಲೋಹವೇ ಪೊಟ್ಯಾಸಿಯಂ. ಗೊಬ್ಬರದಂಗಡಿಯಲ್ಲಿ ಪೊಟ್ಯಾಷ್ ಕೇಳುವ ನಮ್ಮ ರೈತರ ಬಾಯಲ್ಲಿರುವುದೂ ಬೂದಿಯ ಹೆಸರೇ.

ಬೂದಿ ಕರಗಿ ಹರಿಯುವ ಆ ಕ್ಷರಣವನ್ನು ಕಣ್ಣಾರೆ ಕಾಣಲು ಹೊಟ್ಟು, ಹುಲ್ಲು ಉರಿಸುವ ಬಾಯ್ಲರಿನ ಬಾಗಿಲಿಗೆ ಹೋಗಬೇಕು. ಭತ್ತದ ಹೊಟ್ಟು ಉರಿದರೆ ತೂಕದ ಸುಮಾರು ಐದರಲ್ಲೊಂದು ಪಾಲು ಬೂದಿ ಉಳಿಯುತ್ತದೆ. ಅದರಲ್ಲಿ ನೂರಕ್ಕೆ 90ರಷ್ಟು ಸಿಲಿಕ. ಬರಿಯ ಸಿಲಿಕ ಕರಗಲು 1700 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ಆದುದರಿಂದ ಹೊಟ್ಟಿನ ಬೂದಿ ಸಾಮಾನ್ಯವಾಗಿ ಹಗುರವಾಗಿ ಉದುರುತ್ತದೆ. ಒಣಹುಲ್ಲಿನಲ್ಲಿ ಸಿಲಿಕದ ಜೊತೆಗೆ ಪೊಟ್ಯಾಸಿಯಮ್ಮೂ ಹೆಚ್ಚು. ಇವೆರಡೂ ಕೂಡಿದರೆ 800 ಡಿಗ್ರಿಯೊಳಗೇ ಬೂದಿ ಕರಗತೊಡಗಿ, ಕುಲುಮೆಯ ತಳಕ್ಕೆ ಅಂಟಿ, ಆರಿದಾಗ ಗಾಜಿನಂತೆ ಗಟ್ಟಿಯಾಗುತ್ತದೆ. ಕುಲುಮೆಯ ಹಳೆಯ ಮಾತಿನ ಕಿಟ್ಟಕ್ಕೆ ಹತ್ತಿರದ ಈ ಗಟ್ಟಿಯನ್ನು ಬಾಯ್ಲರಿನವರು ಕ್ಲಿಂಕರ್ ಎನ್ನುತ್ತಾರೆ. ಇನ್ನಷ್ಟು ಪೊಟ್ಯಾಸಿಯಂ ಕ್ಲೋರಿನ್ನಿನೊಡನೆ ಆವಿಯಾಗಿ ಮೇಲೇರಿ, ಕೊಳವೆಗಳಿಗೆ ಹತ್ತಿ, ಲೋಹವನ್ನೇ ತಿನ್ನುತ್ತದೆ. ಭಸ್ಮದ ಧಾತು ‘ಭಸ್’ಗೆ ಅಗಿ, ತಿನ್ನು ಎಂಬ ಅರ್ಥವಿರುವುದನ್ನು ನಾವಿಲ್ಲಿ ನೆನೆಯಬಹುದು.

ಹುಲ್ಲು ಉರಿಸಿ ವಿದ್ಯುತ್ತು ತೆಗೆಯುವ ಡೆನ್ಮಾರ್ಕಿನಲ್ಲಿ, ಕೊಯ್ದೊಡನೆ ತಂದ ಹಳದಿ ಹುಲ್ಲಿಗಿಂತ ಮಳೆಗೆ ತೊಯ್ದು ಒಣಗಿ ಬೂದುಬಣ್ಣಕ್ಕೆ ತಿರುಗಿದ ಹುಲ್ಲೇ ಮೇಲೆನಿಸಿದೆ, ಏಕೆಂದರೆ ಕ್ಷಾರದ ಬಹುಪಾಲನ್ನು ಮಳೆ ಹೊಲದಲ್ಲೇ ತೊಳೆದುಬಿಟ್ಟಿರುತ್ತದೆ. ನೀಱಿನ ನಡತೆಯನ್ನು ಅಲ್ಲಿ ನೀರೇ ತಿದ್ದುತ್ತದೆ.

ಮುಗಿದುಹೋದುದನ್ನು ಕಂಡು ನಾವು ‘ಬೂದಿಯಾಯಿತು’ ಎನ್ನುತ್ತೇವೆ. ಆ ಒಂದು ಮಾತಿನೊಳಗೆ ‘ಆಗು’ ಎರಡು ಸಲ ಇದೆ: ಬೂದಿಯ ಧಾತುವಿನಲ್ಲೊಮ್ಮೆ, ‘ಆಯಿತು’ವಿನಲ್ಲಿ ಮತ್ತೊಮ್ಮೆ.