ಮರೆಯಾದ ಗ್ರಂಥಿಯ ಶೋಧ

ಒಳ್ಳೆಮೆಣಸಿನ ಕಾಳಿನಷ್ಟು ಗಾತ್ರದ ಒಂದು ಅಂಗವು ಆಜಾನುಬಾಹುವಿನ ಎಲುಬುಗಳನ್ನೇ ಸವೆಸಬಲ್ಲುದೆಂದರೆ ಕೊಡಗಿನ ಶ್ರೋತೃಗಳು ಒಡನೆಯೇ ನಂಬಲಾರರು. ಕೊರಳಿನ ಥೈರಾಯ್ಡ್ ಗ್ರಂಥಿಯ ಬೆನ್ನಿಗಂಟಿಕೊಂಡಿರುವ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ರಕ್ತದ ಸುಣ್ಣದಂಶವನ್ನು ಹದದಲ್ಲಿಡುತ್ತವೆ. ಅವುಗಳಲ್ಲೊಂದು ಗೆಡ್ಡೆಗಟ್ಟಿ ಅತಿಯಾಗಿ ಸ್ರವಿಸಿದರೆ ಎಲುಬಿನ ಸುಣ್ಣ ರಕ್ತಕ್ಕಿಳಿಯುತ್ತದೆ. ಮೂಳೆ ಮುರಿಯುತ್ತದೆ, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುತ್ತದೆ.

ವಿಚಿತ್ರವೆಂದರೆ, ಈ ಗ್ರಂಥಿ ಮೊದಲು ಕಂಡುದು ಭಾರತದ ಖಡ್ಗಮೃಗವೊಂದರ ಕೊರಳಿನಲ್ಲಿ. ಲಂಡನ್ನಿನ ಮೃಗಾಲಯದಲ್ಲಿ ಸತ್ತ ಆ ಪ್ರಾಣಿಯನ್ನು ಛೇದಿಸಿದ ರಿಚರ್ಡ್ ಓವೆನ್ ಅವರು 1850ರಲ್ಲಿ ಅದನ್ನು ವರದಿ ಮಾಡಿದರು. ಮನುಷ್ಯರಲ್ಲಿ ಅದನ್ನು 1880ರಲ್ಲಿ ವರ್ಣಿಸಿದವರು ಸ್ವೀಡನ್ನಿನ ಉಪ್ಸಾಲಾದ ಇವಾರ್ ಸಾಂಡ್‌ಸ್ಟ್ರೋಮ್. 1925ರಲ್ಲಿ ವಿಯೆನ್ನಾದ ಫೆಲಿಕ್ಸ್ ಮಾಂಡ್ಲ್ ಟ್ರಾಮ್ ನಿರ್ವಾಹಕನೊಬ್ಬನ ಕೊರಳಿನಿಂದ ಗೆಡ್ಡೆಯನ್ನು ತೆಗೆದರು. ರೋಗಿಯ ಎಲುಬು ಚೇತರಿಸಿತು.

ಆದರೆ ಗೆಡ್ಡೆ ಕೊರಳಿನಲ್ಲೇ ಇಲ್ಲದಿದ್ದರೆ? ಅಮೆರಿಕದ ಹಡಗಿನ ಕಪ್ತಾನ ಚಾರ್ಲ್ಸ್ ಮಾರ್ಟೆಲ್ಲನ ಎತ್ತರ ರೋಗದಿಂದ ಏಳು ಅಂಗುಲ ಕುಗ್ಗಿತ್ತು. 1926ರಿಂದ ಆರು ಶಸ್ತ್ರಕ್ರಿಯೆಗಳಾದರೂ ಗೆಡ್ಡೆ ಸಿಗಲಿಲ್ಲ. ಅಂಗರಚನೆಯ ಗ್ರಂಥಗಳನ್ನು ತಾನೇ ಓದಿದ ಆತ ಎದೆಯೊಳಗೆ ಹುಡುಕಿರೆಂದು ಒತ್ತಾಯಿಸಿದನೆಂದು ಹೇಳುತ್ತಾರೆ. 1932ರಲ್ಲಿ ಬೋಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಎಡ್ವರ್ಡ್ ಚರ್ಚಿಲ್ ಮತ್ತು ಆಲಿವರ್ ಕೋಪ್ ಏಳನೆಯ ಸಲ ಎದೆಗೂಡನ್ನು ತೆರೆದರು. ಗೆಡ್ಡೆ ಅಲ್ಲಿಯೇ ಇತ್ತು! ಆದರೆ ಕಾಲ ಮೀರಿತ್ತು. ಮೂತ್ರನಾಳದ ಕಲ್ಲಿಗಾಗಿ ಮತ್ತೊಂದು ಶಸ್ತ್ರಕ್ರಿಯೆಯಾದ ಬಳಿಕ, ಕೆಲವೇ ವಾರಗಳಲ್ಲಿ ಕಪ್ತಾನ ತೀರಿಕೊಂಡ.

ಕೊರಳಿನ ಗ್ರಂಥಿ ಎದೆಗೆ ಹೋದುದು ಹೇಗೆ? ಈ ಪ್ರಶ್ನೆ ಎದುರಾದಾಗ ನನಗೆ ನೆನಪಾಗುವುದು ನಮ್ಮ ಕಾವೇರಿ. ತಲಕಾವೇರಿಯ ಕುಂಡಿಕೆಯಲ್ಲಿ ಹುಟ್ಟಿ, ನೆಲದಡಿ ಹರಿದು, ಕೆಳಗೆಲ್ಲೋ ಹೊಮ್ಮುತ್ತಾಳೆಂಬುದು ನಮ್ಮ ಹಿರಿಯರ ನಂಬಿಕೆ. ಕೆಳಗಿನ ಜೋಡಿ ಪ್ಯಾರಾಥೈರಾಯ್ಡ್‌ಗಳು ಸಹ ಭ್ರೂಣದಲ್ಲಿ ಥೈಮಸ್ ಗ್ರಂಥಿಯೊಡನೆ ಮೇಲೆಲ್ಲೋ ಹುಟ್ಟಿ ಕೊರಳಿಗಿಳಿಯುತ್ತವೆ. ಕೆಲವು ದಾರಿಯಲ್ಲಿ, ದವಡೆಯ ಬಳಿಯೇ ನಿಂತುಬಿಡುತ್ತವೆ. ಕೆಲವು ಥೈಮಸ್ಸಿನ ಸಂಗ ಬಿಡದೆ ಎದೆಯವರೆಗೂ ಸಾಗುತ್ತವೆ. ಹುಟ್ಟಿನ ಈ ಹಾದಿಯನ್ನು ಬಲ್ಲ ಶಸ್ತ್ರವೈದ್ಯನಿಗೆ ಎಲ್ಲಿ ಹುಡುಕಬೇಕೆಂಬುದೂ ತಿಳಿದಿರುತ್ತದೆ.

ಇಂದು ಕತ್ತಿ ಹಿಡಿಯುವ ಮೊದಲೇ ಟೆಕ್ನೀಷಿಯಮ್ ಬಳಸಿದ ಸೆಸ್ಟಮಿಬಿ ಚಿತ್ರ ಎಷ್ಟೋ ವೇಳೆ ಗೆಡ್ಡೆಯ ನೆಲೆಯನ್ನು ತೋರಿಸುತ್ತದೆ. ಎದೆಯೊಳಗಿನ ಗೆಡ್ಡೆಯನ್ನು ಹಲವೊಮ್ಮೆ ಎದೆಯೆಲುಬನ್ನು ಸೀಳದೆ, ಸಣ್ಣ ರಂಧ್ರಗಳ ಮೂಲಕವೇ ತೆಗೆಯಬಹುದು. ಆದರೆ ಮೊದಲು ಸಂಶಯ ಮೂಡಬೇಕಷ್ಟೆ. ಪದೇ ಪದೇ ಕಲ್ಲು ಕಟ್ಟುವವರೂ, ಸಣ್ಣ ಪೆಟ್ಟಿಗೆ ಮೂಳೆ ಮುರಿದುಕೊಳ್ಳುವವರೂ ರಕ್ತದ ಸುಣ್ಣದಂಶವನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಮೇಲು. ಕಪ್ತಾನನ ಕಾಲದಲ್ಲಿ ಏಳು ಶಸ್ತ್ರಕ್ರಿಯೆಗಳು ಬೇಕಾದ ಹುಡುಕಾಟ ಈಗ ಒಂದು ಹನಿ ರಕ್ತದಿಂದ ಆರಂಭವಾಗಬಲ್ಲುದು.