231 ಅಥವಾ 228

1821ರ ಫೆಬ್ರವರಿ 14. ವಾಷಿಂಗ್ಟನ್‌ನಲ್ಲಿ ಅಧ್ಯಕ್ಷ ಚುನಾವಣೆಯ ಮತ ಎಣಿಕೆ. ಜೇಮ್ಸ್ ಮನ್ರೋ ಗೆಲ್ಲೋದು ಎಲ್ಲರಿಗೂ ಗೊತ್ತಿತ್ತು, ಎದುರಾಳಿಯೇ ಇರಲಿಲ್ಲ ಅನ್ನಿ. ಆದರೂ ಸಭೆಯಲ್ಲಿ ಗದ್ದಲವೋ ಗದ್ದಲ. ಕಡೆಗೆ ಫಲಿತಾಂಶ ಓದಿದ್ದು ಹೀಗೆ: ಮಿಸೌರಿಯ ಮತ ಸೇರಿಸಿದರೆ ಮನ್ರೋಗೆ 231, ಸೇರಿಸದಿದ್ದರೆ 228. ಹೇಗಿದ್ದರೂ ಅವರೇ ಅಧ್ಯಕ್ಷ!

ಮೊದಲ ಸಲ ಓದಿದಾಗ ನಗು ಬಂತು. ಏನು ಬರುತ್ತೆ ಅಂತ ಗೊತ್ತಾಗದಿದ್ದಾಗ ನಾವೂ ಕೋಡ್‌ನಲ್ಲಿ ಎರಡೂ ಕಡೆಗೆ ಇಫ್-ಎಲ್ಸ್ ಬರೆದು ಮನೆಗೆ ಹೋಗ್ತೀವಲ್ಲ, ಥೇಟ್ ಹಾಗೆ :) ಆದರೆ ಇಲ್ಲಿ ಗೊತ್ತಿಲ್ಲದೆ ಉಳಿದಿದ್ದು ಒಂದು ಇಡೀ ರಾಜ್ಯ ಇದೆಯೋ ಇಲ್ಲವೋ ಅನ್ನೋದು. ಯಾಕೆ ಅಂತ ಹುಡುಕುತ್ತಾ ಹೋದರೆ ನಗು ಅಲ್ಲಿಗೇ ನಿಂತಿತು.

ಮೊದಲ ಭಾಗ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತೆ. 1819ರ ಕೊನೆಗೆ ಅಮೆರಿಕದಲ್ಲಿ ಗುಲಾಮಗಿರಿ ಇದ್ದ ರಾಜ್ಯಗಳು 11, ಇಲ್ಲದವು 11. ಪ್ರತಿ ರಾಜ್ಯಕ್ಕೂ ಸೆನೆಟ್‌ನಲ್ಲಿ ಎರಡು ಸೀಟು, ಅಂದರೆ ತಕ್ಕಡಿ ಸರಿಸಮ. ಅಷ್ಟರಲ್ಲಿ ಮಿಸೌರಿ ತಾನೂ ರಾಜ್ಯವಾಗಬೇಕು ಅಂತ ಬಂತು. ಅಲ್ಲಿ ಸುಮಾರು 10 ಸಾವಿರ ಗುಲಾಮರಿದ್ದರು. ನ್ಯೂಯಾರ್ಕ್‌ನ ಜೇಮ್ಸ್ ಟಾಲ್ಮಡ್ಜ್ ಒಂದು ತಿದ್ದುಪಡಿ ತಂದ: ಹೊಸದಾಗಿ ಗುಲಾಮರನ್ನು ತರುವಂತಿಲ್ಲ, ರಾಜ್ಯವಾದ ಮೇಲೆ ಗುಲಾಮರಿಗೆ ಹುಟ್ಟುವ ಮಕ್ಕಳಿಗೆ 25 ವರ್ಷಕ್ಕೆ ಬಿಡುಗಡೆ. ಕೆಳಮನೆ ಒಪ್ಪಿತು, ಸೆನೆಟ್ ಒಪ್ಪಲಿಲ್ಲ. ಕೊನೆಗೆ 1820ರ ರಾಜಿ. ಮಿಸೌರಿ ಗುಲಾಮ ರಾಜ್ಯ, ಮೆಸಾಚುಸೆಟ್ಸ್‌ನಿಂದ ಬೇರೆಯಾದ ಮೈನ್ ಮುಕ್ತ ರಾಜ್ಯ. ಮಿಸೌರಿಯೊಂದನ್ನು ಬಿಟ್ಟು, 1803ರಲ್ಲಿ ಫ್ರಾನ್ಸ್‌ನಿಂದ ಕೊಂಡ ನೆಲದಲ್ಲಿ 36°30' ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ಇಲ್ಲ.

ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನ್ನನ್ನು ಕಾಡಿದ್ದು ಇದರ ಮುಂದಿನದು.

ಮಿಸೌರಿಯವರು ತಮ್ಮ ಸಂವಿಧಾನ ಬರೆದುಕೊಂಡು ಬಂದರು. ಅದರಲ್ಲೊಂದು ಕಲಮು: ಗುಲಾಮರಲ್ಲದ, ಸ್ವತಂತ್ರರಾದ ಕಪ್ಪು ಜನ ಮತ್ತು ಮಿಶ್ರವರ್ಣದವರು ಈ ರಾಜ್ಯಕ್ಕೆ ಬಂದು ನೆಲೆಸದಂತೆ ಕಾನೂನು ಮಾಡಬೇಕು. ಉತ್ತರದವರು ಸಿಟ್ಟಾದರು. ಒಂದು ರಾಜ್ಯದ ಪ್ರಜೆಗೆ ಇನ್ನೊಂದು ರಾಜ್ಯದಲ್ಲೂ ಪ್ರಜೆಯ ಹಕ್ಕುಗಳಿವೆ ಅನ್ನುತ್ತೆ ಅಮೆರಿಕದ ಸಂವಿಧಾನ. ಮೆಸಾಚುಸೆಟ್ಸ್‌ನಲ್ಲಿ ಸ್ವತಂತ್ರ ಕಪ್ಪು ಮನುಷ್ಯ ಮತ ಹಾಕಬಹುದಿತ್ತು. ಹಾಗಾದರೆ ಅವನು ಪ್ರಜೆಯೋ ಅಲ್ಲವೋ? ಈ ಪ್ರಶ್ನೆಯಲ್ಲೇ ಸಿಕ್ಕಿಕೊಂಡಿದ್ದಾಗ ಬಂದಿದ್ದು ಆ ಮತ ಎಣಿಕೆ.

ದಾರಿ ತೋರಿಸಿದ್ದು ಹೆನ್ರಿ ಕ್ಲೇ, ತಾನೂ ಗುಲಾಮರನ್ನು ಇಟ್ಟುಕೊಂಡಿದ್ದ ಮನುಷ್ಯ. ಕಲಮನ್ನು ತೆಗೆಯುವುದು ಬೇಡ, ಪ್ರಜೆಗಳ ಹಕ್ಕಿಗೆ ಧಕ್ಕೆ ಬರುವ ಹಾಗೆ ಅದನ್ನು ಅರ್ಥೈಸುವುದಿಲ್ಲ ಅಂತ ಮಿಸೌರಿ ಮಾತು ಕೊಟ್ಟರೆ ಸಾಕು. ಜಾಣತನ ಗಮನಿಸಿ, ಪ್ರಜೆ ಅಂದರೆ ಯಾರು ಅಂತ ಎಲ್ಲೂ ಹೇಳಿಲ್ಲ! ಎರಡೂ ಕಡೆಯವರು ಒಂದೇ ವಾಕ್ಯವನ್ನು ತಮಗೆ ಬೇಕಾದಂತೆ ಓದಿಕೊಂಡರು. ನಮ್ಮ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್‌ಗಳಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ, ಆದರೆ ಅಲ್ಲಿ ಹೆಚ್ಚೆಂದರೆ ಪ್ರಾಜೆಕ್ಟ್ ಕೆಡುತ್ತೆ.

ಹೀಗೆ ಮಾತು ಕೇಳುವ ಅಧಿಕಾರ ನಿಮಗಿಲ್ಲ ಅಂತ ಹೇಳಿಕೊಂಡೇ ಮಿಸೌರಿಯ ಶಾಸಕರು ಮಾತು ಕೊಟ್ಟರು. 1821ರ ಆಗಸ್ಟ್ 10ರಂದು ಮಿಸೌರಿ ರಾಜ್ಯವಾಯ್ತು. 1847ರಲ್ಲಿ ಅದೇ ಮಿಸೌರಿ, ಸ್ವತಂತ್ರ ಕಪ್ಪು ಜನ ಯಾವ ನೆಪದಿಂದಲೂ ಹೊರಗಿನಿಂದ ಬಂದು ನೆಲೆಸುವಂತಿಲ್ಲ ಅಂತ ಕಾನೂನು ಮಾಡಿತು. ಅದೇ ಕಾನೂನಿನಲ್ಲಿ ಅವರಿಗೆ ಓದು ಬರಹ ಕಲಿಸುವುದನ್ನೂ ನಿಷೇಧಿಸಿತು.

ಅಷ್ಟರಲ್ಲಾಗಲೇ, 1846ರಲ್ಲಿ, ಅಲ್ಲಿನ ಸೇಂಟ್ ಲೂಯಿಸ್‌ನಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮ ತನ್ನ ಬಿಡುಗಡೆಗೆ ದಾವೆ ಹೂಡಿದ್ದರು. ಅದು ಸುಪ್ರೀಂ ಕೋರ್ಟ್ ಮುಟ್ಟಿ, 1857ರ ಮಾರ್ಚ್‌ನಲ್ಲಿ ತೀರ್ಪು ಬಂತು. ಕ್ಲೇ ಹೇಳದೆ ಬಿಟ್ಟಿದ್ದನ್ನು ನ್ಯಾಯಾಧೀಶ ಟೇನಿ ಹೇಳಿದರು: ಕಪ್ಪು ಮನುಷ್ಯ ಅಮೆರಿಕದ ಪ್ರಜೆಯಲ್ಲ. 36°30' ಗೆರೆ ಹಾಕುವ ಅಧಿಕಾರವೂ ಕಾಂಗ್ರೆಸ್ಸಿಗೆ ಇರಲಿಲ್ಲವಂತೆ.

ಎರಡು ತಿಂಗಳ ನಂತರ ಹೊಸ ಒಡೆಯರು ಸ್ಕಾಟ್‌ಗೆ ಬಿಡುಗಡೆ ಕೊಟ್ಟರು. ಮರುವರ್ಷ ಸೆಪ್ಟೆಂಬರ್‌ನಲ್ಲಿ, ಅದೇ ಸೇಂಟ್ ಲೂಯಿಸ್‌ನಲ್ಲಿ, ಅವರು ತೀರಿಕೊಂಡರು.