ಅಂಜಿಕೆ ಬಿಡಿಸುವ ಒಡನಾಟ: ವಯಸ್ಕರ ಕಲಿಕೆ ನಡೆದು ಬಂದ ದಾರಿ

ವಯಸ್ಕರಿಗೆ ಅಕ್ಷರ ಕಲಿಸಲು ಹೊರಟವರು ಬಹುಕಾಲ ತಲೆಕೆಡಿಸಿಕೊಂಡದ್ದು ಯಾವ ಅಕ್ಷರ ಮೊದಲು, ಯಾವುದು ಆಮೇಲೆ ಎಂಬ ಬಗ್ಗೆ. ಕಲಿಯಲು ಬಂದವರ ತೊಡಕು ಬೇರೆಯೇ ಇತ್ತು. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವಾಗಿನ ಸಂಕೋಚ, ಬಸ್ಸಿನ ಬೋರ್ಡು ಓದಿ ಹೇಳಿ ಎಂದು ಕೇಳಲು ಮುಜುಗರ, ‘ಈ ವಯಸ್ಸಲ್ಲಿ ನನ್ನ ತಲೆಗೆ ಏನು ಹತ್ತುತ್ತೆ’ ಎಂಬ ಅಂಜಿಕೆ. ಇದನ್ನು ಬಿಡಿಸುವ ಶಕ್ತಿ ಮೇಷ್ಟ್ರಿಗಿಂತ ಹೆಚ್ಚಾಗಿ, ಪಕ್ಕದಲ್ಲಿ ಕೂತು ಅದೇ ಪುಟದ ಮೇಲೆ ತಡವರಿಸುವ ಇನ್ನೊಬ್ಬರಿಗಿದೆ. ಸಾಕ್ಷರತೆಯ ಚರಿತ್ರೆಯಲ್ಲಿ ಈ ಸತ್ಯ ಮತ್ತೆ ಮತ್ತೆ ಗೋಚರಿಸಿದೆ, ಅಷ್ಟೇ ಸಲ ಮರೆತೂ ಹೋಗಿದೆ.

1930ರ ದಶಕದಲ್ಲಿ ಫಿಲಿಪ್ಪೀನ್ಸ್‌ನ ಲಾನಾವೊ ಪ್ರದೇಶದಲ್ಲಿ ಫ್ರಾಂಕ್ ಲಾಬಾಕ್ ಎಂಬ ಅಮೆರಿಕನ್ ಮಿಷನರಿ ಮರನಾವೊ ಜನರಿಗೆ ಓದು ಕಲಿಸುತ್ತಿದ್ದರು. ಆರ್ಥಿಕ ಕುಸಿತದಿಂದಾಗಿ ಬೋಧಕರಿಗೆ ಸಂಬಳ ಕೊಡಲು ಹಣ ಉಳಿಯಲಿಲ್ಲ. ಆಗ ಅಲ್ಲಿನ ಮುಖಂಡರೊಬ್ಬರು, ಕಲಿತವರೆಲ್ಲ ಇನ್ನೊಬ್ಬರಿಗೆ ಕಲಿಸಲೇಬೇಕೆಂದು ಹಟ ಹಿಡಿದರು. ‘ಒಬ್ಬರಿಂದ ಒಬ್ಬರಿಗೆ’ ಎಂಬ ಕ್ರಮ ಹುಟ್ಟಿದ್ದು ಹೀಗೆ, ಹಣದ ಅಭಾವದಿಂದ. ಆದರೆ ಅದರ ನಿಜವಾದ ಲಾಭ ಹಣದ ಉಳಿತಾಯವಲ್ಲ. ನಿನ್ನೆ ಕಲಿತವರು ಇಂದು ಕಲಿಸಲು ಕೂತಾಗ ಇಬ್ಬರ ನಡುವೆ ಮೇಲು ಕೀಳು ಉಳಿಯುವುದಿಲ್ಲ. ಲಾಬಾಕ್ ಮುಂದೆ ಭಾರತಕ್ಕೂ ಬಂದು, ನಮ್ಮ ಹಲವು ಭಾಷೆಗಳಿಗೆ ಪಾಠದ ಪಟಗಳನ್ನು ತಯಾರಿಸಲು ನೆರವಾದರು.

ಮೈಸೂರು ಸಂಸ್ಥಾನದಲ್ಲಿ 1940ರ ದಶಕದ ಆರಂಭದಲ್ಲೇ ವಯಸ್ಕರ ಶಿಕ್ಷಣ ಸಮಿತಿಯ ಕೆಲಸ ಮೊದಲಾಯಿತು. ‘ಬೆಳಕು’ ಪತ್ರಿಕೆ ಹೊಸದಾಗಿ ಓದು ಕಲಿತವರ ಕೈಗೆ ಬಂತು. 1947ರಲ್ಲಿ ನಂಜನಗೂಡಿನಲ್ಲಿ ಆರಂಭವಾದ ವಿದ್ಯಾಪೀಠ ನನ್ನ ಪಾಲಿಗೆ ಇದಕ್ಕಿಂತ ದೊಡ್ಡ ಹೆಜ್ಜೆ. ಡೆನ್ಮಾರ್ಕಿನ ಜನತಾ ಶಾಲೆಗಳ ಮಾದರಿಯಲ್ಲಿ ಹಳ್ಳಿಯ ಯುವಕರು ಅಲ್ಲಿ ಒಟ್ಟಿಗೆ ವಾಸವಿದ್ದು ಕಲಿಯುತ್ತಿದ್ದರು. ಸಹವಾಸವೇ ಶಿಕ್ಷಣದ ಭಾಗವೆಂಬ ತಿಳಿವಳಿಕೆ ನಮ್ಮಲ್ಲಿ ಆಗಲೇ ಇತ್ತು.

ಬ್ರೆಜಿಲ್‌ನ ಪಾಲೊ ಫ್ರೇರಿ ಇದಕ್ಕೆ ಸಿದ್ಧಾಂತದ ಬಲ ಕೊಟ್ಟರು. 1963ರಲ್ಲಿ ಅಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ದುಡಿಯುವ ಜನರೊಂದಿಗೆ ಅವರು ನಡೆಸಿದ ಪ್ರಯೋಗದಲ್ಲಿ ತರಗತಿಯ ಜಾಗವನ್ನು ದುಂಡಗೆ ಕೂತ ಗುಂಪು ತೆಗೆದುಕೊಂಡಿತು. ಮೊದಲು ತಮ್ಮ ಬದುಕಿನ ಬಗ್ಗೆ ಮಾತು, ಆ ಮಾತಿನಿಂದ ಆಯ್ದ ಪದ, ಪದದಿಂದ ಅಕ್ಷರ. ತನ್ನ ಮಾತಿಗೆ ನಾಲ್ಕು ಜನರ ನಡುವೆ ಬೆಲೆಯಿದೆ ಎಂದು ಕಂಡವನಿಗೆ ಅದನ್ನು ಬರೆಯುವ ಧೈರ್ಯವೂ ಬರುತ್ತದೆ.

1978ರ ಅಕ್ಟೋಬರ್ 2ರಂದು ಆರಂಭವಾದ ನಮ್ಮ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮದ ಕಾಗದಪತ್ರಗಳಲ್ಲಿ ಫ್ರೇರಿಯ ಛಾಯೆ ಕಾಣುತ್ತದೆ. ನೆಲದ ಮೇಲೆ ಮಾತ್ರ ಒಬ್ಬ ಬೋಧಕ, ಎದುರಿಗೆ 30 ಜನ, ಅದೇ ಹಳೆಯ ಶಾಲೆ.

ಗಾಳಿ ಬದಲಾದದ್ದು 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂದ ಮೇಲೆ. 1990ರ ಫೆಬ್ರುವರಿಯಲ್ಲಿ ಕೇರಳದ ಎರ್ನಾಕುಲಂ ಸಂಪೂರ್ಣ ಸಾಕ್ಷರ ಜಿಲ್ಲೆಯೆನಿಸಿತು. ಜಾಥಾ, ಬೀದಿನಾಟಕ, ಹಾಡುಗಳಿಂದ ಅನಕ್ಷರತೆ ಒಬ್ಬರ ನಾಚಿಕೆಯಾಗದೆ ಊರೆಲ್ಲರ ಸಂಗತಿಯಾಯಿತು. ತಮಿಳುನಾಡಿನ ಪುದುಕ್ಕೋಟೈನಲ್ಲಿ ಹೆಂಗಸರು ಅಕ್ಷರದ ಜೊತೆಗೆ ಗುಂಪುಗುಂಪಾಗಿ ಸೈಕಲ್ಲನ್ನೂ ಕಲಿತರು. ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಪಾಠದ ಪುಸ್ತಕದ ಕಥೆಯೊಂದನ್ನು ಓದಿ ಚರ್ಚಿಸಿದ ಹೆಂಗಸರು ಸಾರಾಯಿ ಅಂಗಡಿಯ ವಿರುದ್ಧ ನಿಂತರು; ಆ ಹೋರಾಟ ಹಬ್ಬಿ 1993ರಲ್ಲಿ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು. ಒಬ್ಬೊಬ್ಬಳೇ ಮನೆಯಲ್ಲಿ ಕೂತು ಅದೇ ಪಾಠ ಓದಿದ್ದರೆ ಇದು ಆಗುತ್ತಿರಲಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. ಆದರೆ ಮಿಷನ್ನಿನ ಅಳತೆಗೋಲು ಹೀಗಿತ್ತು: ನಿಮಿಷಕ್ಕೆ 30 ಪದ ಓದಬೇಕು, 7 ಪದ ನೋಡಿ ಬರೆಯಬೇಕು. ಅಳೆದದ್ದು ವ್ಯಕ್ತಿಯನ್ನು, ಗುಂಪಿನ ಲೆಕ್ಕ ಯಾವ ನಮೂನೆಯಲ್ಲೂ ಇರಲಿಲ್ಲ. ಅಭಿಯಾನ ಮುಗಿದ ಮೇಲೆ ಎಷ್ಟೋ ಕಡೆ ಗುಂಪು ಚದುರಿತು, ಕಲಿತ ಅಕ್ಷರವೂ ಮರೆತುಹೋಯಿತು.

ಈ ತಪ್ಪು ಮಾಡದಿದ್ದದ್ದು ಮಹಿಳಾ ಸಮಖ್ಯಾ. 1989ರಲ್ಲಿ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶಗಳಲ್ಲಿ ಆರಂಭವಾದ ಈ ಕಾರ್ಯಕ್ರಮ ನಮ್ಮಲ್ಲಿ ಕಾಲಿಟ್ಟದ್ದು ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ. ಅದು ಸ್ಲೇಟು ಬಳಪ ಹಿಡಿದು ಹೋಗಲಿಲ್ಲ. ಬಡ, ಹೆಚ್ಚಾಗಿ ದಲಿತ ಹೆಂಗಸರ ಸಂಘ ಕಟ್ಟಿತು. ನೀರು, ಕೂಲಿ, ರೇಷನ್, ಗಂಡನ ಹೊಡೆತ, ಎಲ್ಲದರ ಮಾತೂ ಅಲ್ಲಿ ನಡೆಯಿತು. ಕಚೇರಿಗೆ ಅರ್ಜಿ ಒಯ್ದಾಗ ಅದರಲ್ಲಿ ಏನಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತುವುದು ಸಾಕೆನಿಸಿ ‘ನಮಗೂ ಓದು ಕಲಿಸಿ’ ಎಂದು ಸಂಘವೇ ಕೇಳುವವರೆಗೆ ಕಾಯಿತು. ಕಾಯುವುದು ಸರ್ಕಾರಿ ಕಾರ್ಯಕ್ರಮಕ್ಕೆ ಬಲು ಕಷ್ಟ, ಏಕೆಂದರೆ ವರ್ಷದ ಕೊನೆಗೆ ಗುರಿ ತೋರಿಸಬೇಕು. ಆದರೆ ಹೆದರಿಕೆ ಕಳೆದ ಮೇಲೆ ಕಲಿಕೆಗೆ ಕೂತವಳು ತಪ್ಪು ಬರೆದರೆ ಮುದುಡುವುದಿಲ್ಲ. ಜೊತೆಯವಳು ತಿದ್ದುತ್ತಾಳೆ, ಇಬ್ಬರೂ ನಗುತ್ತಾರೆ, ಮುಂದಿನ ಸಾಲಿಗೆ ಹೋಗುತ್ತಾರೆ.

ವಿದ್ವತ್ ವಲಯದಲ್ಲೂ ಇದಕ್ಕೆ ಆಧಾರಗಳು ಸಿಕ್ಕಿವೆ. ತನ್ನಂಥವರೇ ಒಂದು ಕೆಲಸ ಸಾಧಿಸುವುದನ್ನು ಕಂಡಾಗ ‘ನನ್ನಿಂದಲೂ ಆಗುತ್ತದೆ’ ಎಂಬ ನಂಬಿಕೆ ಬೆಳೆಯುತ್ತದೆಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಬರೆದರು. ಅಮೆರಿಕದ ಆರ್ಲೀನ್ ಫಿಂಗರೆಟ್ 1983ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಇನ್ನೂ ಮುಖ್ಯ. ಓದು ಬಾರದವರು ಅಸಹಾಯಕರಲ್ಲ. ಒಬ್ಬರಿಂದ ಪತ್ರ ಓದಿಸಿಕೊಂಡು ಅವರಿಗೆ ತಮ್ಮ ಬೇರೊಂದು ಕುಶಲತೆಯನ್ನು ಕೊಡುವ, ಕೊಡುಕೊಳ್ಳುವ ಬಳಗದಲ್ಲಿ ಅವರು ಬದುಕುತ್ತಾರೆ ಎಂದು ಆಕೆ ತೋರಿಸಿದರು. ಓದು ಕಲಿಯುವುದೆಂದರೆ ಕೆಲವರಿಗೆ ಆ ಬಳಗದಲ್ಲಿನ ತಮ್ಮ ಜಾಗ ಅಲುಗಾಡಿದಂತೆ. ಬಳಗವನ್ನೇ ಕಲಿಕೆಗೆ ಕರೆತಂದರೆ ಆ ಭಯ ಇಳಿಯುತ್ತದೆ.

2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ. 75.36, ಹೆಂಗಸರಲ್ಲಿ ಶೇ. 68.08. 2022ರಿಂದ ನಡೆಯುತ್ತಿರುವ ನವಭಾರತ ಸಾಕ್ಷರತಾ ಕಾರ್ಯಕ್ರಮ, ಅಂದರೆ ‘ಉಲ್ಲಾಸ್’, ಸಂಬಳವಿಲ್ಲದ ಸ್ವಯಂಸೇವಕರನ್ನು ನೆಚ್ಚಿದೆ. ಮೊಬೈಲಿನಲ್ಲಿ ನೋಂದಣಿ, ಮೊಬೈಲಿನಲ್ಲೇ ಪಾಠ ಸಾಧ್ಯ. ಮೊಮ್ಮಗಳು ಅಜ್ಜಿಗೆ ಕಲಿಸುವುದು ಒಳ್ಳೆಯದೇ. ಆದರೆ ಅಜ್ಜಿಗೆ ತನ್ನ ವಾರಿಗೆಯವರೂ ಬೇಕು. ಮೊಮ್ಮಗಳ ಮುಂದೆ ತಪ್ಪಲು ಆಕೆಗೆ ಆಗುವ ನಾಚಿಕೆ, ಓರಗೆಯವರ ಮುಂದೆ ಆಗುವುದಿಲ್ಲ. ಇದಕ್ಕೆ ಹೊಸ ಕಟ್ಟಡವಾಗಲಿ ಹೊಸ ಇಲಾಖೆಯಾಗಲಿ ಬೇಕಿಲ್ಲ. ಹಳ್ಳಿಹಳ್ಳಿಯಲ್ಲಿ ಸ್ವಸಹಾಯ ಸಂಘಗಳಿವೆ, ಅವುಗಳಿಗೆ ಸಭೆಯ ದಿನ ಗೊತ್ತಿದೆ, ನಡಾವಳಿ ಪುಸ್ತಕವಿದೆ, ಅದರಲ್ಲಿ ಸಹಿ ಹಾಕಬೇಕಾದ ಜಾಗವೂ ಇದೆ. ಸ್ವಯಂಸೇವಕರನ್ನು ಒಂಟಿ ಕಲಿಕಾರ್ಥಿಗಳ ಮನೆಗಳಿಗೆ ಹಂಚುವ ಬದಲು ಮೊದಲು ಈ ಸಭೆಗಳಿಗೆ ಕಳಿಸಬೇಕು.